1940ರ ಈಚಿನ ಪಾಶ್ಚಾತ್ಯ ಶಾಸ್ತ್ರೀಯ ರಚನಕಾರರಲ್ಲಿ ಉಳಿಯಬೇಕಾದವರು ಯಾರು? ಐದೇ ಹೆಸರು

ಮಂದ್ರಸ್ಥಾಯಿ (ಪ್ರಶ್ನೆ)

ಇನ್ನು ನೂರು ವರ್ಷ ಕಳೆದರೂ ಜನ ನುಡಿಸುತ್ತ, ಕೇಳುತ್ತ ಇರಬೇಕಾದ ಐದು ಜನ ಯಾರು? ಬರೀ ಹೆಸರು ಹಾಕಿ ಹೋಗಬೇಡಿ. ಒಂದು ಕೃತಿ ಎತ್ತಿಕೊಳ್ಳಿ, ಅದರೊಳಗೆ ಏನು ನಡೆಯುತ್ತದೆ ಅಂತ ಬಿಡಿಸಿ ಹೇಳಿ. "ಮಹಾನ್ ಪ್ರತಿಭೆ" ಥರದ ಮಾತು ಇಲ್ಲಿ ನಡೆಯುವುದಿಲ್ಲ.

ಗೆರೆಯನ್ನು 1945ಕ್ಕೆ ಎಳೆಯುವುದು ರೂಢಿ. ನಾನು ಬೇಕೆಂದೇ ಐದು ವರ್ಷ ಹಿಂದಕ್ಕೆ ಸರಿಸಿದ್ದೇನೆ. ಇಲ್ಲದಿದ್ದರೆ ಮೆಸ್ಸಿಯಾನ್ ಯುದ್ಧಕೈದಿಯಾಗಿದ್ದಾಗ ಬರೆದು, 1941ರ ಜನವರಿ 15ರಂದು ಗೋರ್ಲಿಟ್ಸ್ ಶಿಬಿರದಲ್ಲೇ ಮೊದಲು ನುಡಿಸಿದ 'ಕಾಲದ ಅಂತ್ಯಕ್ಕೆ ಕ್ವಾರ್ಟೆಟ್' (ನಾಲ್ವರು ನುಡಿಸುವ ಕೃತಿ) ಹೊರಗೆ ಬೀಳುತ್ತದೆ. ಅದನ್ನು ಹೊರಗಿಟ್ಟು ಈ ಚರ್ಚೆ ಮಾಡುವುದರಲ್ಲಿ ಅರ್ಥವಿಲ್ಲ.

ನನ್ನ ಪಟ್ಟಿ: ಮೆಸ್ಸಿಯಾನ್, ಲಿಗೆಟಿ, ಸ್ಟೀವ್ ರೈಶ್, ಸೋಫಿಯಾ ಗುಬೈದುಲಿನಾ. ಐದನೆಯ ಜಾಗಕ್ಕೆ ಆರ್ವೊ ಪ್ಯಾರ್ಟ್, ಅದೂ ಅರೆಮನಸ್ಸಿನಿಂದ. ಯುದ್ಧಾನಂತರದ ಹೊಸ ಸಂಗೀತದ ಮುಂದಾಳುಗಳಾದ ಬೂಲೆಜ್ ಮತ್ತು ಸ್ಟಾಕ್‌ಹೌಸನ್ ಇಬ್ಬರನ್ನೂ ಬಿಟ್ಟಿದ್ದೇನೆ. ಬೈಗುಳ ಬರುತ್ತದೆ ಅಂತ ಗೊತ್ತು.

ಗುಬೈದುಲಿನಾ ಯಾಕೆ ಅಂದರೆ 'ಓಫರ್ಟೋರಿಯಂ' ಎಂಬ ವಯಲಿನ್ ಕನ್ಚರ್ಟೊ (ಒಂಟಿ ವಯಲಿನ್ ಮತ್ತು ಆರ್ಕೆಸ್ಟ್ರಾ). ಗಿಡನ್ ಕ್ರೆಮರ್‌ಗಾಗಿ ಬರೆದದ್ದು, 1981ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ. ಬಾಖ್‌ನ 'ಮ್ಯೂಸಿಕಲ್ ಆಫರಿಂಗ್' ಕೃತಿಯ ಮೂಲ ಸ್ವರಮಾಲೆಯನ್ನು ವಾದ್ಯದಿಂದ ವಾದ್ಯಕ್ಕೆ ಚೂರುಚೂರಾಗಿ ಹಂಚಿ ಶುರುಮಾಡುತ್ತಾಳೆ, ಕೊನೆಯ ಸ್ವರವನ್ನು ಮಾತ್ರ ಬಿಟ್ಟುಬಿಡುತ್ತಾಳೆ. ಆಮೇಲೆ ಪ್ರತಿ ಸಲವೂ ಆ ಮಾಲೆಯ ಎರಡೂ ತುದಿಯಿಂದ ಒಂದೊಂದು ಸ್ವರ ಉದುರುತ್ತ ಹೋಗಿ ಕಡೆಗೆ ನಡುವಿನ ಒಂದೇ ಸ್ವರ ಉಳಿಯುತ್ತದೆ. ನಂತರ ಅಲ್ಲಿಂದಲೇ ಮರಳಿ ಕಟ್ಟಿಕೊಂಡು ಬರುತ್ತದೆ. ಸ್ಕೋರ್ (ಬರೆದಿಟ್ಟ ಸ್ವರಲಿಪಿ) ನೋಡದವರಿಗೂ "ಏನೋ ಕರಗುತ್ತಿದೆ" ಅಂತ ಕಿವಿಗೆ ಗೊತ್ತಾಗುತ್ತದೆ. ಕಾಗದದ ಮೇಲಿನ ಉಪಾಯ ಕಿವಿಗೂ ದಕ್ಕಬೇಕು, ನನಗೆ ಇದೇ ಒರೆಗಲ್ಲು.

ಒಂದು ಎಚ್ಚರಿಕೆ. ಇವತ್ತಿನ ಕಛೇರಿಗಳ ಲೆಕ್ಕ ತಂದು ಸುರಿಯಬೇಡಿ. 19ನೇ ಶತಮಾನದ ಪ್ಯಾರಿಸ್ ಆಪೆರಾವನ್ನು ಆಳಿದ ಮೆಯರ್ಬೇರ್ ಈಗ ರಂಗದ ಮೇಲೆ ಅಪರೂಪ. 1911ರಲ್ಲಿ ತೀರಿಕೊಂಡ ಮಾಲರ್ ಎಲ್ಲ ಆರ್ಕೆಸ್ಟ್ರಾಗಳ ದಿನನಿತ್ಯದ ಊಟವಾದದ್ದು 1960ರ ಆಚೀಚೆಯಲ್ಲಿ.

ಅರ್ಧಮಾತ್ರೆ

ಕಛೇರಿಗಳ ಲೆಕ್ಕ ಬೇಡ, ಸರಿ. ಆದರೆ ಒಂದು ಕೃತಿ ಮತ್ತೆ ಮತ್ತೆ ನುಡಿಸಿಕೊಳ್ಳಲು ಏನೇನು ಬೇಕು ಅನ್ನುವ ಲೆಕ್ಕ ಬೇಕೇ ಬೇಕು. ಮೊದಲ ಪ್ರದರ್ಶನಕ್ಕೆ ಹಣ, ಹಬ್ಬ, ರೇಡಿಯೊ ಎಲ್ಲ ಸಿಗುತ್ತದೆ. ಎರಡನೆಯದಕ್ಕೆ ಯಾರೂ ಇರುವುದಿಲ್ಲ. ಹಕ್ಕುಸ್ವಾಮ್ಯ ಇನ್ನೂ ಇರುವ ಆರ್ಕೆಸ್ಟ್ರಾ ಕೃತಿಗಳ ಪಾರ್ಟ್‌ಗಳನ್ನು (ಒಬ್ಬೊಬ್ಬ ವಾದಕರ ಸ್ವರಲಿಪಿ ಹಾಳೆಗಳನ್ನು) ಸಾಮಾನ್ಯವಾಗಿ ಕೊಳ್ಳಲು ಆಗುವುದಿಲ್ಲ. ಪ್ರತಿ ಪ್ರದರ್ಶನಕ್ಕೂ ಪ್ರಕಾಶಕರಿಂದ ಬಾಡಿಗೆಗೆ ತರಿಸಬೇಕು. ಬಹಳಷ್ಟು ದೇಶಗಳಲ್ಲಿ ಈ ಹಕ್ಕು ರಚನಕಾರ ತೀರಿಕೊಂಡ ಮೇಲೆ 70 ವರ್ಷ. ಲಿಗೆಟಿ ಹೋದದ್ದು 2006ರಲ್ಲಿ, ಅಂದರೆ ಆತನ ಆರ್ಕೆಸ್ಟ್ರಾ ಕೃತಿಗಳು 2076 ಮುಗಿಯುವವರೆಗೂ ಬಾಡಿಗೆಯಲ್ಲೇ. ಒಬ್ಬಿಬ್ಬರು ಸೇರಿ ನುಡಿಸಬಹುದಾದ ಕೃತಿಗೆ ಈ ತಾಪತ್ರಯ ಇಲ್ಲ, ಪುಸ್ತಕ ಕೊಂಡರೆ ಮುಗಿಯಿತು.

ಹಾಗಾಗಿ ಲಿಗೆಟಿಯನ್ನು ಕಾಯುವುದು 'ಅಟ್ಮಾಸ್ಫೇರ್' ಅಲ್ಲ, ಪಿಯಾನೊ ಎಟ್ಯೂಡ್‌ಗಳು (ಅಭ್ಯಾಸಕೃತಿಗಳು) ಅಂತ ನನ್ನ ವಾದ. 1985ರಿಂದ 2001ರವರೆಗೆ ಮೂರು ಪುಸ್ತಕ, 18 ಎಟ್ಯೂಡ್. ಮೊದಲನೆಯದು 'ದೆಜೋರ್ದ್ರ್': ಬಲಗೈಗೆ ಬಿಳಿ ಮಣೆ ಮಾತ್ರ, ಎಡಗೈಗೆ ಕಪ್ಪು ಮಣೆ ಮಾತ್ರ. ಎರಡೂ ಕೈ 3+5, 5+3 ಅಂತ ಎಂಟು ಮಾತ್ರೆಗಳ ಗುಂಪಿನಲ್ಲಿ ಹೊರಡುತ್ತವೆ. ನಾಲ್ಕನೆಯ ಗುಂಪಿಗೆ ಬಂದಾಗ ಬಲಗೈ ಎಂಟರ ಬದಲು ಏಳಕ್ಕೇ ಮುಗಿಸುತ್ತದೆ. ಅಲ್ಲಿಂದ ಬಲಗೈ ಒಂದು ಮಾತ್ರೆ ಮುಂದೆ. ಮತ್ತೆ ನಾಲ್ಕು ಗುಂಪು, ಮತ್ತೊಂದು ಮಾತ್ರೆ. ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಮಾತ್ರೆಗಳ ವೇಗದಲ್ಲಿ ಈ ಬಿರುಕು ಅಗಲವಾಗುತ್ತ ಹೋಗುತ್ತದೆ. ಇಲ್ಲಿ ಎಡವುವುದು ಬೆರಳಲ್ಲ, ಒತ್ತು. ಒತ್ತಿನ ಸ್ವರಗಳು ಮಾತ್ರ ಜೋರಾಗಿ, ನಡುವೆ ತುಂಬುವ ಸ್ವರಗಳು ಮೆತ್ತಗೆ ಅಂತ ಬರೆದಿದೆ. ವೇಗದ ಭರದಲ್ಲಿ ಎಲ್ಲವೂ ಒಂದೇ ಗಟ್ಟಿಯಾದರೆ ಬಿರುಕು ಕೇಳಿಸುವುದಿಲ್ಲ, ಬರೀ ಗಲಾಟೆ. ನಿಧಾನ ಮಾಡಿಯಾದರೂ ಎರಡು ಪದರ ಉಳಿಸಿಕೊಂಡವರದ್ದೇ ಚೆನ್ನ.

ರೈಶ್‌ಗೂ ಇದೇ ಮಾತು. 'ಕ್ಲಾಪಿಂಗ್ ಮ್ಯೂಸಿಕ್' (1972): ಇಬ್ಬರು, ನಾಲ್ಕು ಅಂಗೈ, ಬೇರೇನೂ ಬೇಡ. 12 ಮಾತ್ರೆಯ ಆವರ್ತ, ಎಂಟು ಚಪ್ಪಾಳೆ, ನಾಲ್ಕು ಖಾಲಿ:

ತ ತ ತ – ತ ತ – ತ – ತ ತ –

ಒಬ್ಬರು ಕೊನೆಯವರೆಗೂ ಇದನ್ನೇ ಹೊಡೆಯುತ್ತಾರೆ. ಇನ್ನೊಬ್ಬರು ಕೆಲವು ಆವರ್ತ ಜೊತೆಗಿದ್ದು, ಒಮ್ಮೆಗೇ ಒಂದು ಮಾತ್ರೆ ಮುಂದಕ್ಕೆ ಹಾರುತ್ತಾರೆ:

ತ ತ – ತ ತ – ತ – ತ ತ – ತ

ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಮೊದಲಿನವರ ನಾಲ್ಕೂ ಖಾಲಿಗಳನ್ನು ಎರಡನೆಯವರು ತುಂಬಿದ್ದಾರೆ, ಹನ್ನೆರಡರಲ್ಲಿ ಒಂದೂ ಮೌನವಿಲ್ಲ. ಇಬ್ಬರೂ ಸೇರಿ ಹೊಡೆಯುವುದು 1, 2, 5, 10ರಲ್ಲಿ. ಹೀಗೇ ಮುಂದುವರಿದು ಆರನೆಯ ಜಿಗಿತಕ್ಕೆ ಬಂದರೆ ಜೋಡಿ ಚಪ್ಪಾಳೆ 2, 5, 8, 11ರ ಮೇಲೆ ಬೀಳುತ್ತದೆ, ಸರಿಯಾಗಿ ಮೂರು ಮಾತ್ರೆಗೊಂದು. ಜನ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಕಿವಿ ಆ ಜೋಡಿಯನ್ನೇ ಸಮ ಅಂದುಕೊಂಡುಬಿಡುತ್ತದೆ. ನಿಜವಾದ ಸಮ ಅದಕ್ಕಿಂತ ಒಂದು ಮಾತ್ರೆ ಹಿಂದಿದೆ. ಎರಡನೆಯವರು ತಮ್ಮ ಮೂರು ಚಪ್ಪಾಳೆಯ ಗುಂಪು ಎಲ್ಲಿಂದ ಶುರುವಾಗುತ್ತದೋ ಅಲ್ಲಿ ಒತ್ತು ಕೊಡಬಾರದು, ಆವರ್ತದ ಮೊದಲ ಮಾತ್ರೆಯನ್ನೇ ಮೊದಲು ಅಂತ ಇಟ್ಟುಕೊಳ್ಳಬೇಕು, ಸ್ಕೋರ್‌ನ ಸೂಚನೆಯೂ ಅದೇ. ಜಿಗಿತದ ಬದಲು ಮೆಲ್ಲಗೆ ಜಾರಿದರೆ ಅದು ಬೇರೆಯೇ ಕೃತಿ.

ಇನ್ನು ಸ್ಟಾಕ್‌ಹೌಸನ್‌ನ 'ಗ್ರುಪ್ಪೆನ್' ನೋಡಿ: 109 ವಾದಕರು, ಮೂರು ಆರ್ಕೆಸ್ಟ್ರಾ, ಮೂವರು ಕಂಡಕ್ಟರ್, ಕೇಳುಗರ ಮೂರು ಪಕ್ಕಕ್ಕೂ ವೇದಿಕೆ, ಇಷ್ಟೆಲ್ಲ ಸುಮಾರು 25 ನಿಮಿಷಕ್ಕೆ. ಮಾಮೂಲಿ ಸಭಾಂಗಣದಲ್ಲಿ ಕುರ್ಚಿ ಕಿತ್ತು ಹಾಕದೆ ಆಗುವ ಕೆಲಸವಲ್ಲ. ಕೃತಿ ಕೆಟ್ಟದ್ದು ಅನ್ನುತ್ತಿಲ್ಲ. ಅದು ವಸ್ತುಸಂಗ್ರಹಾಲಯದ ಆನೆ.

ಟೇಪ್‌ಸುರುಳಿ

ಅರ್ಧಮಾತ್ರೆಯವರೇ, ನಿಮ್ಮ ಅಳತೆಗೋಲಿನಲ್ಲಿ ಎರಡು ಕೈ ಚಪ್ಪಾಳೆ ಗೆದ್ದು ಆಪೆರಾಗಳೆಲ್ಲ ಸೋಲುತ್ತವೆ. ಸಾಗಣೆ ಸುಲಭ ಅನ್ನುವುದು ಯೋಗ್ಯತೆ ಹೇಗಾಯಿತು?

ನಿಮ್ಮ ಗೋಲಿಗೇ ಸಿಗದವರು ಒಬ್ಬರಿದ್ದಾರೆ: ಕಾನ್ಲನ್ ನ್ಯಾನ್‌ಕ್ಯಾರೊ. ಮೆಕ್ಸಿಕೊ ನಗರದಲ್ಲಿ ಕೂತು ತಾನೇ ನುಡಿಯುವ ಪಿಯಾನೊದ ಕಾಗದದ ಸುರುಳಿಗೆ ಕೈಯಿಂದ ಒಂದೊಂದೇ ತೂತು ಕೊರೆದವನು. 21ನೆಯ ಸ್ಟಡಿಯಲ್ಲಿ ಒಂದು ದನಿ ನಿಧಾನದಿಂದ ವೇಗಕ್ಕೆ, ಇನ್ನೊಂದು ವೇಗದಿಂದ ನಿಧಾನಕ್ಕೆ ಹೋಗುತ್ತ ನಡುವೆ ಕತ್ತರಿಯಂತೆ ಹಾಯುತ್ತವೆ. ಮನುಷ್ಯರ ಕೈಗಾಗಿ ಬರೆದದ್ದೇ ಅಲ್ಲ. ಆದರೆ ನೀವು ಹೊಗಳಿದ ಲಿಗೆಟಿ ಎಟ್ಯೂಡ್‌ಗಳ ಹಿಂದೆ ಇರುವ ಕಿವಿ ಇದೇ ನ್ಯಾನ್‌ಕ್ಯಾರೊನದ್ದು, ಆತನನ್ನು ಯುರೋಪಿನಲ್ಲಿ ಎತ್ತಿಹಿಡಿದದ್ದೂ ಲಿಗೆಟಿಯೇ. ನುಡಿಸುವ ಕೈಗಳ ಮೂಲಕ ಉಳಿಯುವುದು ಒಂದು ದಾರಿ. ಬೇರೆಯವರ ಬರವಣಿಗೆಯೊಳಗೆ ಉಳಿಯುವುದು ಇನ್ನೊಂದು.

ಈ ಎರಡನೆಯ ದಾರಿಯಲ್ಲಿ ನೋಡಿದರೆ ಬೂಲೆಜ್‌ನ 'ಲ ಮಾರ್ತೋ ಸಾಂ ಮೇತ್ರ್' (1955) ಬಿಡುವಂತಿಲ್ಲ. ಒಂದು ಆಲ್ಟೊ ದನಿ, ಆರು ವಾದಕರು. ಯಾವ ಆರು ಅನ್ನುವುದರಲ್ಲಿದೆ ಕೆಲಸ. ದನಿಯಿಂದ ಆಲ್ಟೊ ಕೊಳಲಿಗೆ ಸೇತುವೆ ಉಸಿರು. ಕೊಳಲಿನಿಂದ ವಿಯೋಲಾಕ್ಕೆ ಒಂಟಿ ಎಳೆಯ ರಾಗ. ವಿಯೋಲಾದಿಂದ ಗಿಟಾರಿಗೆ ಮೀಟು. ಗಿಟಾರಿನಿಂದ ವೈಬ್ರಫೋನಿಗೆ (ಲೋಹದ ಪಟ್ಟಿಗಳ ವಾದ್ಯ) ಉಳಿಯುವ ಅನುರಣನ. ಅಲ್ಲಿಂದ ಕ್ಸೈಲೊರಿಂಬಾಕ್ಕೆ (ಮರದ ಪಟ್ಟಿಗಳ ವಾದ್ಯ) ಬಡಿತ. ಉಸಿರಿನಿಂದ ಮರದ ತನಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಏಣಿ. ಆರನೆಯವರದು ಬಿಡಿ ತಾಳವಾದ್ಯಗಳು, ಆ ಏಣಿಗೆ ಪಕ್ಕದಲ್ಲಿ ನಿಂತವರು. ಕೊಳಲು, ಗಿಟಾರು, ವೈಬ್ರಫೋನು ಬೆರೆಸಿದ ಸಣ್ಣ ತಂಡಕ್ಕೆ ಆಮೇಲೆ ಬರೆದವರು ಈ ಏಣಿಯ ಲೆಕ್ಕ ತಪ್ಪಿಸಿಕೊಂಡು ಬರೆಯುವುದು ಕಷ್ಟ. ಮೊದಲ ಸಲ ಕೇಳುವವರು ಒಂಬತ್ತು ಭಾಗಗಳನ್ನೂ ಒಟ್ಟಿಗೆ ಕೇಳಹೋಗಿ ಸೋಲುತ್ತಾರೆ. ದನಿ ಇರುವುದು ನಾಲ್ಕರಲ್ಲಿ ಮಾತ್ರ. ಮೂರನೆಯದರಿಂದ ಶುರುಮಾಡಿ, ಅಲ್ಲಿ ದನಿ ಮತ್ತು ಕೊಳಲು ಇಬ್ಬರೇ.

ಸ್ಟಾಕ್‌ಹೌಸನ್‌ಗೆ ಬಂದರೆ, ಆನೆಯನ್ನು ಬಿಡಿ, 'ಗೆಸಾಂಗ್ ಡೆರ್ ಯೂಂಗ್ಲಿಂಗೆ' (1956) ತೆಗೆದುಕೊಳ್ಳಿ. ಸುಮಾರು 13 ನಿಮಿಷ, ಒಬ್ಬ ಹುಡುಗನ ದನಿ, ಉಳಿದದ್ದು ಎಲೆಕ್ಟ್ರಾನಿಕ್ ನಾದ. ವಾದಕರೂ ಬೇಡ, ಬಾಡಿಗೆ ಪಾರ್ಟ್‌ಗಳೂ ಬೇಡ. ಸ್ವರಾಕ್ಷರ ಶುದ್ಧ ನಾದಕ್ಕೆ ಹತ್ತಿರ, 'ಸ್' 'ಶ್'ನಂಥ ವ್ಯಂಜನ ಗದ್ದಲಕ್ಕೆ ಹತ್ತಿರ ಅಂತ ಗುರುತಿಸಿ, ಮಾತಿನಿಂದ ಯಂತ್ರನಾದಕ್ಕೆ ಹೊಲಿಗೆ ಕಾಣದಂತೆ ದಾಟುತ್ತಾನೆ. ಮೊದಲ ಪ್ರದರ್ಶನಕ್ಕೆ ಐದು ಸ್ಪೀಕರ್ ಗುಂಪು ಇಟ್ಟಿದ್ದ. ಹೆಡ್‌ಫೋನಿನಲ್ಲಿ ಕೇಳಿ ಚಪ್ಪಟೆ ಅನ್ನುವವರು ಕೃತಿಯ ಅರ್ಧ ಮಾತ್ರ ಕೇಳಿದ್ದಾರೆ.

ಒಪ್ಪುವ ಮಾತು ಒಂದಿದೆ. ಕಛೇರಿ ನಡೆಯುತ್ತಿರುವಾಗಲೇ ಕಂಪ್ಯೂಟರ್ ನಾದ ಬದಲಿಸುವ ಕೃತಿಗಳಿಗೆ ಗಂಡಾಂತರ ಇದೆ. ಬೂಲೆಜ್‌ನ 'ರೆಪೊನ್' 1981ರಲ್ಲಿ ಪ್ಯಾರಿಸ್‌ನ ಸಂಗೀತ ಸಂಶೋಧನಾ ಸಂಸ್ಥೆ ಇರ್ಕಾಮ್‌ನ 4ಎಕ್ಸ್ ಯಂತ್ರದ ಮೇಲೆ ನಿಂತಿತ್ತು. ಯಂತ್ರ ಹೋಯಿತು. ಸಂಸ್ಥೆ ಬೆನ್ನಿಗಿದ್ದುದರಿಂದ ಅದನ್ನು ಹೊಸ ವ್ಯವಸ್ಥೆಗೆ ಸಾಗಿಸಲಾಯಿತು. ಬೆನ್ನಿಗೆ ಸಂಸ್ಥೆ ಇಲ್ಲದವರು ಇಷ್ಟನ್ನಾದರೂ ಮಾಡಲಿ: ಯಾವ ನಾದಕ್ಕೆ ಎಷ್ಟು ವಿಳಂಬ, ಎಷ್ಟು ಹರ್ಟ್ಸ್, ಯಾವ ಸ್ಪೀಕರಿಗೆ ಅನ್ನುವುದನ್ನು ಸ್ಕೋರ್‌ನಲ್ಲೇ ಅಕ್ಷರದಲ್ಲಿ ಬರೆದಿಡಲಿ. ಪ್ರೋಗ್ರಾಂ ಫೈಲು ಕೊಟ್ಟು ಕೈತೊಳೆದುಕೊಂಡರೆ, ಮುಂದೆ ಆ ಫೈಲನ್ನು ತೆರೆಯುವ ತಂತ್ರಾಂಶವೇ ಇಲ್ಲವಾದಾಗ ಕೃತಿಯೂ ಅಲ್ಲಿಗೆ ಮುಗಿಯಿತು.

ಕಮಾನು

ಪ್ಯಾರ್ಟ್ ಬಗ್ಗೆ ಅರೆಮನಸ್ಸು ಯಾಕೆ? ಸುಲಭ ಅಂತಲೇ? 'ಕಾಂಟುಸ್' (1977) ಸ್ಕೋರ್ ಬಿಚ್ಚಿ.

ಇಂಗ್ಲಿಷ್ ರಚನಕಾರ ಬೆಂಜಮಿನ್ ಬ್ರಿಟನ್ 1976ರ ಡಿಸೆಂಬರ್ 4ರಂದು ತೀರಿಕೊಂಡ ನೆನಪಿಗೆ ಬರೆದದ್ದು. ತಂತಿವಾದ್ಯಗಳು, ಬಾರಿಸುವ ಗಂಟೆ ಒಂದು, ಅಷ್ಟೆ. ಎ ಮೈನರ್ ಅವರೋಹಣ: ಮೊದಲು ಒಂದು ಸ್ವರ, ಮತ್ತೆ ಮೇಲಿನಿಂದ ಎರಡು, ಮತ್ತೆ ಮೇಲಿನಿಂದ ಮೂರು, ಹೀಗೆ ಪ್ರತಿ ಸಲ ಒಂದು ಮೆಟ್ಟಿಲು ಹೆಚ್ಚು ಇಳಿಯುತ್ತದೆ. ಮೊದಲ ವಯಲಿನ್‌ಗಳು ಇದನ್ನು ನುಡಿಸುವ ವೇಗದ ಅರ್ಧಕ್ಕೆ, ಒಂದು ಸ್ಥಾಯಿ ಕೆಳಗೆ ಎರಡನೆಯ ವಯಲಿನ್‌ಗಳು. ಅದರರ್ಧಕ್ಕೆ ವಿಯೋಲಾ, ಅದರರ್ಧಕ್ಕೆ ಚೆಲ್ಲೊ, ಅದರರ್ಧಕ್ಕೆ ಡಬಲ್ ಬಾಸ್. ಅಂದರೆ ಮೇಲಿನವರ ಒಂದು ಮಾತ್ರೆ ಕೆಳಗಿನವರಿಗೆ ಹದಿನಾರು. ವಿಯೋಲಾ ಬಿಟ್ಟು ಉಳಿದ ನಾಲ್ಕೂ ಗುಂಪು ಎರಡಾಗಿ ಒಡೆದು, ಅರ್ಧ ಜನ ಅವರೋಹಣ, ಅರ್ಧ ಜನ ಎ-ಸಿ-ಇ ಈ ಮೂರೇ ಸ್ವರ. ಇಡೀ ಕೃತಿಯ ಯಂತ್ರ ಇಷ್ಟೇ, ಅರ್ಧ ಪುಟದಲ್ಲಿ ಬರೆದುಬಿಡಬಹುದು.

ಈಗ ಕೆಡುವುದು ಎಲ್ಲಿ ನೋಡಿ. ತಮ್ಮ ಕೊನೆಯ ಸ್ವರ ತಲುಪಿದ ಗುಂಪು ಅದನ್ನು ಮುಗಿಯುವವರೆಗೂ ಹಿಡಿದು ನಿಲ್ಲಬೇಕು. ಮೊದಲ ವಯಲಿನ್‌ಗಳು ಎಲ್ಲರಿಗಿಂತ ಮುಂಚೆ ತಲುಪಿ, "ನಮ್ಮದಾಯಿತು" ಅಂತ ಸೊರಗುತ್ತವೆ. ಆಗ ಮೇಲಿನ ಛಾವಣಿಯೇ ಕುಸಿಯುತ್ತದೆ. ಕೆಳಗಿನ ಬಾಸ್‌ಗಳಲ್ಲಿ ಎಲ್ಲರೂ ಒಟ್ಟಿಗೆ ಕಮಾನು ತಿರುಗಿಸಿದರೆ ಉದ್ದ ಸ್ವರದ ನಡುವೆ ಏದುಸಿರು ಕೇಳಿಸುತ್ತದೆ. ತಿರುವು ಬೇರೆ ಬೇರೆ ಹೊತ್ತಿಗೆ ಬರುವಂತೆ ಮೊದಲೇ ಹಂಚಿಕೊಳ್ಳಬೇಕು. ವೈಬ್ರೇಟೊ ಹೆಚ್ಚಾದರೆ ಮೂರು ಸ್ವರಗಳ ಹೊಂದಾಣಿಕೆ ಮಸುಕಾಗುತ್ತದೆ. ಶ್ರುತಿ ಹದ ತಪ್ಪಿದರೆ ಅಡಗಿಕೊಳ್ಳಲು ಇಲ್ಲಿ ಒಂದು ಮೂಲೆಯೂ ಇಲ್ಲ. ಎಲ್ಲಕ್ಕಿಂತ ಮುಖ್ಯ ಕೊನೆಯ ಗಂಟೆ. ತಂತಿಗಳೆಲ್ಲ ಮೊರೆಯುತ್ತಿರುವಾಗಲೇ ಅದನ್ನು ಯಾರಿಗೂ ತಿಳಿಯದಷ್ಟು ಮೆಲ್ಲಗೆ ಹೊಡೆಯಬೇಕು. ತಂತಿಗಳು ಕಡಿದು ನಿಂತಾಗ ಆ ಗಂಟೆಯ ಅನುರಣನ, ಅಲ್ಲೇ ಮೊದಲಿನಿಂದ ಇತ್ತೇನೋ ಅನ್ನುವಂತೆ, ಗಾಳಿಯಲ್ಲಿ ಉಳಿಯುತ್ತದೆ. ಹೊಡೆತ ಕೇಳಿಸಿತೋ, ಕೆಲಸ ಕೆಟ್ಟಿತು. ಕಂಡಕ್ಟರ್ ಕೈ ಬೇಗ ಇಳಿಸಿದರೆ ಜನ ಚಪ್ಪಾಳೆ ಹೊಡೆದು ಅದನ್ನೂ ಕೊಲ್ಲುತ್ತಾರೆ.

ಪ್ಯಾರ್ಟ್ ಜೊತೆ ಗೊರೆಟ್ಸ್ಕಿಯನ್ನು ಕಟ್ಟಿಹಾಕುವವರಿಗೆ ಒಂದು ಮಾತು. ಆತನ ಮೂರನೆಯ ಸಿಂಫನಿ (1976) ಹದಿನೈದು ವರ್ಷ ಹೆಚ್ಚುಕಡಿಮೆ ಮೂಲೆಯಲ್ಲಿದ್ದು, ಡಾನ್ ಅಪ್‌ಶಾ ಹಾಡಿದ 1992ರ ಧ್ವನಿಮುದ್ರಣ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಆ ಕೇಳುಗರು ಆತನ ಬೇರೆ ಕೃತಿಗಳ ಬಾಗಿಲು ಬಡಿಯಲಿಲ್ಲ. ಪ್ಯಾರ್ಟ್‌ನದ್ದು ಹಾಗಲ್ಲ. ಒಂದು ವಿಧಾನ ಕಂಡುಕೊಂಡು, ಅದರಲ್ಲಿ ಒಂಟಿ ಪಿಯಾನೊದಿಂದ ದೊಡ್ಡ ಗಾಯನವೃಂದದ ತನಕ ಎಲ್ಲ ಅಳತೆಗೂ ಬರೆದಿದ್ದಾನೆ. ಶಾಲೆಯ ಮಕ್ಕಳ ತಂಡಕ್ಕೂ ಎಟಕುವುದಿದೆ.

ನಾಲ್ಕುತಂತಿ

ಅಲ್ಲ, ಶೊಸ್ಟಕೊವಿಚ್ ಎಲ್ಲಿ? ಗೆರೆ 1940 ಅಂದಿರಿ. 15 ಕ್ವಾರ್ಟೆಟ್‌ಗಳಲ್ಲಿ 14 ಅದಾದ ಮೇಲಿನವು. ಎಂಟನೆಯದು 1960ರ ಜುಲೈ 12ರಿಂದ 14, ಮೂರು ದಿನದಲ್ಲಿ ಮುಗಿಸಿದ್ದು. ಡಿ, ಇ-ಫ್ಲ್ಯಾಟ್, ಸಿ, ಬಿ ಅಂತ ತನ್ನ ಹೆಸರಿನದೇ ನಾಲ್ಕು ಸ್ವರವನ್ನು (ಜರ್ಮನ್ ಸ್ವರನಾಮದಲ್ಲಿ ಡಿ-ಎಸ್-ಸಿ-ಎಚ್) ಮೊದಲ ಸಾಲಿನಲ್ಲೇ ಚೆಲ್ಲೊ ಕೈಗೆ ಕೊಟ್ಟು, ಐದು ಭಾಗ ನಿಲ್ಲಿಸದೆ ಓಡಿಸುತ್ತಾನೆ. ಕ್ವಾರ್ಟೆಟ್ ಕಟ್ಟಿದ ಯಾವ ನಾಲ್ಕು ಜನವೂ ಇದನ್ನು ಮುಟ್ಟದೆ ಇರುವುದಿಲ್ಲ. ಆತ ಉಳಿದಾಗಿದೆ, ಚರ್ಚೆಗೆ ಬೇಡ ಅಂತ ಬಿಟ್ಟಿದ್ದರೆ ಹಾಗೆ ಬರೆಯಿರಿ.

ಹಸ್ತಪ್ರತಿ

ಎಲ್ಲರೂ ನುಡಿಸುವವರ ಬಗ್ಗೆ ಹೇಳಿದಿರಿ, ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ರೈಶ್‌ನ 'ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್' 1976ರಲ್ಲಿ ಮೊದಲು ನುಡಿಸಿದಾಗ ಅದಕ್ಕೆ ಪೂರ್ತಿ ಸ್ಕೋರ್ ಅಂತ ಇರಲೇ ಇಲ್ಲ. ವಾದಕರ ಕೈಯಲ್ಲಿ ಅವರವರ ಚೀಟಿ, ಸಂಕೇತ, ಒಬ್ಬರಿಗೊಬ್ಬರು ಕಣ್ಣಲ್ಲಿ ಹೇಳಿಕೊಂಡ ಒಪ್ಪಂದ. ಕಂಡಕ್ಟರ್ ಇಲ್ಲ. ಮುಂದಿನ ಭಾಗಕ್ಕೆ ಹೋಗಲು ವೈಬ್ರಫೋನ್ ಕರೆ ಕೊಡುತ್ತದೆ. ಸುಮಾರು ಇಪ್ಪತ್ತು ವರ್ಷ ಅದನ್ನು ನುಡಿಸಬಲ್ಲವರು ಆತನ ತಂಡದವರು ಮಾತ್ರ. 1990ರ ದಶಕದಲ್ಲಿ ಮಾರ್ಕ್ ಮೆಲಿಟ್ಸ್ ಆ ಚೀಟಿಗಳನ್ನೂ ಧ್ವನಿಮುದ್ರಣವನ್ನೂ ಮುಂದಿಟ್ಟುಕೊಂಡು ಸ್ಕೋರ್ ಕಟ್ಟಿದ ಮೇಲೆಯೇ ಬೇರೆ ತಂಡಗಳ ಕೈಗೆ ಬಂದದ್ದು. ಆ ಕೆಲಸ ಆಗದಿದ್ದರೆ ಇವತ್ತು ಅದೊಂದು ಒಳ್ಳೆಯ ರೆಕಾರ್ಡ್, ಅಷ್ಟೇ.

ಆಗದೆ ಹೋದದ್ದಕ್ಕೆ ಉದಾಹರಣೆ ಜೂಲಿಯಸ್ ಈಸ್ಟ್‌ಮನ್ (1940–1990). ನ್ಯೂಯಾರ್ಕಿನ ಮನೆಯಿಂದ ಹೊರಹಾಕಿದಾಗ ಸ್ಕೋರ್‌ಗಳ ಬಹುಪಾಲು ಹೋಯಿತು. ಮೇರಿ ಜೇನ್ ಲೀಚ್ ಎಂಬ ರಚನಕಾರ್ತಿ ವರ್ಷಗಟ್ಟಲೆ ಹುಡುಕಿದ ಫಲವಾಗಿ 2005ರಲ್ಲಿ ಮೂರು ಸಿ.ಡಿ.ಗಳ ಸಂಗ್ರಹ ಬಂತು. 'ಫೆಮಿನೈನ್' (1974) ಈಗ ಹಲವು ತಂಡಗಳು ನುಡಿಸುತ್ತವೆ: ಯಂತ್ರ ಅಲ್ಲಾಡಿಸುವ ಗೆಜ್ಜೆ ಒಂದು ಗಳಿಗೆಯೂ ನಿಲ್ಲದೆ, ವೈಬ್ರಫೋನಿನ ಒಂದೇ ತುಣುಕು, ಒಂದು ಗಂಟೆಗೂ ಹೆಚ್ಚು. ಉಳಿದ ಬರಹ ಕೆಲವೇ ಪುಟ. ಅದರಲ್ಲಿ ಇಲ್ಲದ್ದನ್ನು ಹಳೆಯ ಧ್ವನಿಮುದ್ರಣ ಕೇಳಿ ತುಂಬಿಕೊಳ್ಳಬೇಕು. ಯಾವ ತಂಡ ಎಷ್ಟು ತುಂಬಿಕೊಂಡಿದೆ ಅನ್ನುವುದನ್ನು ಕಾರ್ಯಕ್ರಮದ ಹಾಳೆಯಲ್ಲಿ ಹೇಳುವುದು ಪ್ರಾಮಾಣಿಕತೆ.

ನನ್ನ ಐದನೆಯ ಹೆಸರು ಗಾಲಿನಾ ಉಸ್ತ್ವೋಲ್ಸ್ಕಯಾ. ಇಡೀ ಬದುಕಿನ ಕೃತಿಗಳು ಒಂದು ಸಣ್ಣ ಕಪಾಟಿನಷ್ಟು. ಶೊಸ್ಟಕೊವಿಚ್ ಶಿಷ್ಯೆ, ಆದರೆ ಗುರುವಿನ ನೆರಳಿಲ್ಲ. ಎರಡನೆಯ 'ಕಂಪೊಸಿಶನ್'ಗೆ ಎಂಟು ಡಬಲ್ ಬಾಸ್, ಒಂದು ಪಿಯಾನೊ, ಸುತ್ತಿಗೆಯಿಂದ ಬಡಿಯುವ 43 ಸೆಂ.ಮೀ. ಮರದ ಪೆಟ್ಟಿಗೆ. ಪೆಟ್ಟಿಗೆ ಟೊಳ್ಳಾಗಿ ಬೆಂಡು ಸದ್ದು ಕೊಟ್ಟರೆ ಎಂಟು ಬಾಸ್‌ಗಳ ಕೆಳಗೆ ಮುಚ್ಚಿಹೋಗುತ್ತದೆ. ದಪ್ಪ ಹಲಗೆಯಲ್ಲೇ ಮಾಡಿಸಬೇಕು, ನೆಲಕ್ಕೆ ತಾಗದಂತೆ ಎತ್ತರಿಸಿ ಇಡಬೇಕು. ಬಡಗಿ ಒಬ್ಬರಿದ್ದರೆ ಸಾಕು. ಝೆನಾಕಿಸ್‌ನ 'ಪ್ಲೆಯಾಡ್'ಗೆ ಬೇಕಾದ, ತಲಾ 19 ಲೋಹದ ಪಟ್ಟಿಗಳ ಆರು 'ಸಿಕ್ಸೆನ್' ಮಾಡಿಸುವುದಕ್ಕಿಂತ ಎಷ್ಟೋ ವಾಸಿ.

ಮಂದ್ರಸ್ಥಾಯಿ

ನಾಲ್ಕುತಂತಿಯವರೇ, ಹೌದು, ಶೊಸ್ಟಕೊವಿಚ್ ಉಳಿದಾಗಿದೆ ಅಂತಲೇ ಬಿಟ್ಟದ್ದು. ಬರೆಯಬೇಕಿತ್ತು.

ಟೇಪ್‌ಸುರುಳಿಯವರ 'ಗೆಸಾಂಗ್' ವಾದಕ್ಕೆ ಸೋತೆ. ಸ್ಟಾಕ್‌ಹೌಸನ್ ಒಳಗೆ. ಬೂಲೆಜ್ ಇನ್ನೂ ಹೊರಗೇ: ಆ ಉಸಿರು-ಮರದ ಏಣಿ ನೀವು ಹೇಳಿದ ಮೇಲೆ ಕೇಳಿಸಿತು, ಹೇಳದಿದ್ದರೆ ಕೇಳಿಸುತ್ತಿತ್ತೇ? ಕಮಾನು ಅವರು ಗಂಟೆಯ ವಿಷಯ ಬರೆದ ಮೇಲೆ ಪ್ಯಾರ್ಟ್‌ಗೆ ಪೂರ್ತಿ ಮನಸ್ಸು. ಆರು ಹೆಸರಾಯಿತು, ಒಂದು ಹೋಗಬೇಕು. ರೈಶ್ ಮತ್ತು ಗುಬೈದುಲಿನಾ ನಡುವೆ ತೂಗುತ್ತಿದ್ದೇನೆ. ಉಸ್ತ್ವೋಲ್ಸ್ಕಯಾ ಕೇಳಿ ಆಮೇಲೆ ಬರುತ್ತೇನೆ, ಆಗ ಲೆಕ್ಕ ಇನ್ನೂ ಕೆಡಬಹುದು.

ಅರ್ಧಮಾತ್ರೆ

ಆಪೆರಾ ವಿಷಯದಲ್ಲಿ ಟೇಪ್‌ಸುರುಳಿಯವರದ್ದು ಸರಿ. ಕಾಯ್ಯಾ ಸಾರಿಯಾಹೊಳ 'ಲಾಮೂರ್ ದ ಲುವಾಂ' 2000ದಲ್ಲಿ ಸಾಲ್ಜ್‌ಬರ್ಗ್, 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ. ಹಾಡುವವರು ಮೂವರೇ, ಜೊತೆಗೊಂದು ಗಾಯನವೃಂದ. ದೊಡ್ಡದಾದರೂ ಸಾಗುತ್ತದೆ.

ಇನ್ನೊಂದು: ಮೇಲೆ "ಕೆಲವು ಆವರ್ತ" ಅಂತ ಬರೆದು ಜಾರಿಕೊಂಡೆ. 'ಕ್ಲಾಪಿಂಗ್ ಮ್ಯೂಸಿಕ್' ಸ್ಕೋರ್‌ನಲ್ಲಿರುವುದು ಪ್ರತಿ ಸ್ಥಾನಕ್ಕೆ 12 ಆವರ್ತ. ಮರಳಿ ಮೊದಲಿಗೆ ಬರುವುದೂ ಸೇರಿ 13 ಸ್ಥಾನ, ಒಟ್ಟು 156. ಬಹಳ ಜನ 8ಕ್ಕೆ ಇಳಿಸುತ್ತಾರೆ. ಅಭ್ಯಾಸಕ್ಕೆ 4 ಸಾಕು, ಆದರೆ ಆರನೆಯ ಜಿಗಿತದಲ್ಲಿ ಮಾತ್ರ 12 ಪೂರ್ತಿ ಹೊಡೆದು ನೋಡಿ. ಸಮ ಕೈತಪ್ಪುವುದು ಮೊದಲ ನಾಲ್ಕರಲ್ಲಿ ಅಲ್ಲ, ಆಮೇಲೆ.